ಅಜ್ಜ ಬೀಗ ಹಾಕಿದ ಫೋನು

ಮೊಬೈಲ್ ಬಿಲ್ಲು ಪ್ಲಾನಿನ ಮಿತಿ ದಾಟಿದೆಯೆಂದು ಅಣ್ಣ ಇಂದು ಮಗನನ್ನು ಬೈಯುತ್ತಿದ್ದ. ನನಗೆ ಉಮರ್ಗಾದ ನಮ್ಮ ಕಿರಾಣಿ ಅಂಗಡಿಯ ಕರಿ ಫೋನು ನೆನಪಾಯಿತು.

ತೊಂಬತ್ತಮೂರರ ದೊಡ್ಡ ಭೂಕಂಪದ ನಂತರ ನೆಲ ತುಸು ಗುಡುಗಿದರೂ ಓಣಿಯವರೆಲ್ಲ ಬಂದು ನೆಂಟರಿಗೆ ಫೋನು ಹಚ್ಚುತ್ತಿದ್ದರು. ಫೋನಿನವರು ಕೊಟ್ಟ ಪುಕ್ಕಟೆ ಕರೆಗಳು ಮುಗಿದು ಬಿಲ್ಲು ಉಬ್ಬಿತು. ಅಜ್ಜ ಅಂಕಿ ತಿರುಗಿಸುವ ಡಯಲಿಗೆ ಬೀಗ ಜಡಿದು, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ.

ಅಂವ ಲೋಹಾರಾ ಊರಿಗೆ ಹೋದ ದಿನವೇ ನೆಲ ನಡುಗಿತು. ಅತ್ತೆ ಮಾಕಣಿಯ ಗಂಡನ ಮನೆಯಲ್ಲಿ ತುಂಬು ಬಸುರಿ.

"ನನ್ನ ಮಗಳು ಹ್ಯಾಂಗ್ ಅದಾಳೋ!" ಎಂದು ಅಜ್ಜಿ ಬೀಗ ಜಗ್ಗತೊಡಗಿದಳು.

ನಾನು ರಿಸೀವರ್ ಕೆಳಗಿನ ಗುಂಡಿಯನ್ನೇ ಅಂಕಿಯ ಲೆಕ್ಕಕ್ಕೆ, ಮೂರಕ್ಕೆ ಮೂರು ಸಲ, ಐದಕ್ಕೆ ಐದು ಸಲ, ಟಕಟಕ ಒತ್ತಿದೆ. ಫೋನು ಹತ್ತಿತು!

"ಯವ್ವಾ, ನಾ ಆರಾಮ ಇದ್ದೀನಿ," ಎಂದಿತು ಆ ಕಡೆಯಿಂದ ಅತ್ತೆಯ ದನಿ.

ಸಂಜೆ ಅಜ್ಜ ಗದರಿದ. "ಬೀಗ ಇದ್ದಾಗ ಹ್ಯಾಂಗ್ ಹಚ್ಚಿದ್ಯೋ, ಬದ್ಮಾಶ್?"

"ಮುತ್ಯಾ, ಬೀಗ ಡಯಲಿಗಿ ಅದ, ನನ್ನ ಬೆರಳಿಗಿ ಇಲ್ಲಲ್ಲ!"

ಅಜ್ಜ ನಕ್ಕು, ಕೀಲಿ ಬಿಚ್ಚಿ ನನಗೇ ಕೊಟ್ಟ.

ಇಂದು ಆ ಕೀಲಿಯನ್ನೇ ಅಣ್ಣನೆದುರು ಕುಣಿಸಿ, "ಹುಡುಗರಿಗೆ ಬೀಗ ಹಾಕಿ ನೋಡು!" ಎಂದು ಮೀಸೆ ತಿರುವಿದೆ.