ಬೆಳೆಯುವ ಹುಡುಗನ ದಾಂಡು

ನನ್ನ ತಮ್ಮನ ಅಂಗಿಗಳೆಲ್ಲ ದೊಗಳೆ. ನನ್ನವೂ ಅಷ್ಟೇ. ಉಮರ್ಗಾದ ಸಿಂಪಿಗ ನಮ್ಮ ಮೈ ಅಳತೆ ತೆಗೆಯಲು ಅಪ್ಪ ಬಿಡುತ್ತಲೇ ಇರಲಿಲ್ಲ. "ಕಣ್ಣಳತಿ ಮ್ಯಾಲ ಹೊಲಿಯಪ್ಪ. ಬೆಳಿಯೋ ಹುಡುಗರು, ಸಡ್ಲ ಇರ್ಲಿ," ಎಂದು ಬಟ್ಟೆ ಕೊಟ್ಟು ಬಂದುಬಿಡುತ್ತಿದ್ದರು. ಓಣಿಯವರು ಇದನ್ನು ಜುಗ್ಗತನ ಅಂದುಕೊಂಡಿದ್ದರು. ಕಾರಣ ಬೇರೆ ಇತ್ತು.

ಅಪ್ಪ ಮಠಪತಿ. ಲಿಂಗವಂತರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಕರೆ ಅವರಿಗೆ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತೇವೆ. ಆ ಕುಣಿಯ ಅಳತೆ ಸತ್ತವರದೇ ಪಾದದಿಂದ ಒಂಬತ್ತು ಪಾದ. ಅಪ್ಪ ಹೆಣದ ಅಂಗಾಲಿಗೆ ದಾರ ಹಿಡಿದು, ಗಂಟು ಹಾಕಿ, ಆ ದಾರದಿಂದ ನೆಲದ ಮೇಲೆ ಗುರುತು ಮಾಡುತ್ತಿದ್ದರು. ಯೆಣೆಗೂರ, ಲೋಹಾರಾದಿಂದಲೂ ಅವರಿಗೆ ಕರೆ ಬರುತ್ತಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಬದುಕಿದವರ ಮೈಗೆ ಯಾರೂ ದಾರ ಹಿಡಿಯಬಾರದು ಎನ್ನುವುದು ಅವರ ಹಟ. ಅದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದರೆ ಬೆನ್ನಿಗೆ ಬೀಳುತ್ತಿತ್ತು.

ತಮ್ಮ ಚಿಣ್ಣಿದಾಂಡು ಆಡುತ್ತೇನೆಂದು ಹಟ ಹಿಡಿದಾಗಲೂ ಅಪ್ಪ ಕಣ್ಣಳತೆಯಲ್ಲೇ ಜಾಲಿಯ ಕೊಂಬೆ ಕಡಿದು ದಾಂಡು ಮಾಡಿಕೊಟ್ಟರು. ಎರಡು ವರ್ಷ ಬಿಟ್ಟು ಹಿಡಿಯಬೇಕಾದಷ್ಟು ಉದ್ದ, ಒನಕೆಯ ತಮ್ಮನಷ್ಟು ಭಾರ. ಹುಡುಗನೋ ವಯಸ್ಸಿಗಿಂತ ಗಿಡ್ಡ. ನಿಜಾಮನ ತಹಸೀಲ ಕಚೇರಿಯ ಹಿಂದಿನ ಬಯಲಿನಲ್ಲಿ ಅವನು ಬೀಸಿದರೆ ದಾಂಡಿನ ತುದಿ ಮೊದಲು ನೆಲಕ್ಕೆ ಬಡಿಯುತ್ತಿತ್ತು, ಆಮೇಲೆ ಅವನ ಮೊಣಕಾಲಿಗೆ. ಚಿಣ್ಣಿ ಇದ್ದಲ್ಲೇ ಇರುತ್ತಿತ್ತು.

"ದಾಂಡಾನೇ ಹುಡುಗನ್ನ ಆಡಸ್ಲಿಕತ್ಯದ ನೋಡ್ರೋ!" ಎಂದು ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ರೊಟ್ಟಿಗೆ ಎಬ್ಬಿಸಿದರೆ ಒಂದೇ ಮಾತು: "ಯಾರೂ ನನ್ನ ತಗೊಳ್ಳಂಗಿಲ್ಲವ್ವ."

ಅವ್ವ ನಿಲಂಗಾದವಳು. ಅಣ್ಣಂದಿರ ನಡುವೆ ಒಬ್ಬಳೇ ಹೆಣ್ಣು, ಮದುವೆಯಾಗುವ ತನಕ ಅವರ ಜೊತೆ ಚಿಣ್ಣಿದಾಂಡು ಆಡಿದವಳು. ಅಪ್ಪ ಉದಗೀರದ ಮಠಕ್ಕೆ ಹೋಗಿದ್ದ ಒಂದು ದಿನ ಅವಳು ಆ ಜಾಲಿಯ ದಾಂಡನ್ನು ಒಲೆಗೆ ಹಾಕಿದಳು. ಸೀರೆಯ ಅಂಚಿನಿಂದ ನೂಲು ಎಳೆದು, ತಮ್ಮನ ತೋಳು ಚಾಚಿಸಿ, ಕಂಕುಳಿನಿಂದ ಮಣಿಕಟ್ಟಿನ ತನಕ ಹಿಡಿದಳು. "ದಾಂಡ ಇಷ್ಟೇ ಇರಬೇಕು. ಕೈ ಇಳಿಬಿಟ್ರ ನೆಲಾ ಮುಟ್ಟಬಾರ್ದು. ಮುಷ್ಟಿ ಹಿಡದ್ರ ಹೆಬ್ಬೆರಳು ನಡುಬೆರಳಿನ ಉಗುರಿನ ಮ್ಯಾಲ ಬರಬೇಕು," ಎನ್ನುತ್ತ ಒಣಗಿದ ಬೇವಿನ ಕೊಂಬೆ ಕೆತ್ತಿದಳು. ಒಂದೇ ಕೈಯಲ್ಲಿ ನೆಟ್ಟಗೆ ಹಿಡಿದು ನಿಲ್ಲು ಅಂದಳು. ಕೈ ನಡುಗಿತು, ಇನ್ನಷ್ಟು ಕೆತ್ತಿದಳು. ನಡುಕ ನಿಂತ ಮೇಲೆ ಎಣ್ಣೆ ಸವರಿ ಕೊಟ್ಟಳು.

ಅಪ್ಪ ಬಂದವರು ಹೊಸ್ತಿಲ ಬಳಿ ಬಿದ್ದಿದ್ದ ನೂಲು ಕಂಡರು.

"ಯಾರ ಅಳತಿ ಇದು?"

"ಹುಡುಗಂದ್ರಿ," ಅಂದಳು ಅವ್ವ. ಅಪ್ಪನ ಮುಖ ಬೂದಿಯಾಯಿತು. "ಸುಡು," ಅಂದರು, ಅಷ್ಟೇ. ಅವ್ವ ಸುಟ್ಟಳು.

ಆ ಸುಗ್ಗಿ ತಮ್ಮನದಾಗಿತ್ತು. ಚಿಣ್ಣಿಯನ್ನು ಎಗರಿಸಿ ಗಾಳಿಯಲ್ಲೇ ಹೊಡೆದರೆ ಅದು ಬಯಲು ದಾಟಿ ಹುಣಸೆಮರದಾಚೆ ಬೀಳುತ್ತಿತ್ತು. ಯಾರ ಮುಲಾಜಿಗೂ ಬಗ್ಗದ, ಕಚೇರಿಯ ಮುನ್ಷಿಯ ಮಗ "ಇನೇ ಹಮಾರೆ ತರಫ್" ಎಂದು ಅವನ ಕೈ ಹಿಡಿದು ತನ್ನ ಕಡೆಗೆ ಎಳೆಯುತ್ತಿದ್ದ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ತಮ್ಮ ಆ ದಾಂಡನ್ನು ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಊರಿಗೆಲ್ಲ ಜ್ವರ ಬಂತು. ನಮ್ಮ ಮನೆಯಲ್ಲಿ ಅದು ತಮ್ಮನೊಬ್ಬನನ್ನೇ ಹಿಡಿಯಿತು, ಹಿಡಿದದ್ದು ಬಿಡಲಿಲ್ಲ.

ಅವನಿಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದಾಗ ಸೋದರತ್ತೆ ಅವ್ವನಿಗೆ ಕೇಳುವಂತೆಯೇ ಅಂದಳು: "ಬದುಕಿದ ಕೂಸಿಗಿ ದಾರ ಹಿಡದ್ರ ಮತ್ತೇನಾಗ್ತದ?" ಅವ್ವ ಅಪ್ಪನ ಮುಖವನ್ನೇ ನೋಡುತ್ತ ಕೂತಳು. ಹೌದು ಅನ್ನಲಿ, ಅಲ್ಲ ಅನ್ನಲಿ, ಅವಳಿಗೆ ಅವರ ಬಾಯಿಂದ ಒಂದು ಮಾತು ಬೇಕಾಗಿತ್ತು. ಅಪ್ಪ ತುಟಿ ಬಿಚ್ಚಲಿಲ್ಲ. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ಬದುಕಿನಲ್ಲಿ ಯಾರ ಮೇಲೂ ಬಂದಿಲ್ಲ.

ಹೊಲದಲ್ಲಿ ಕುಣಿ ತೋಡುವವರು ಗುದ್ದಲಿ ಹಿಡಿದು ಕಾಯುತ್ತಿದ್ದರು. "ಅಳತಿ ಕೊಡ್ರಿ ಅಯ್ನೋರ." ಅಪ್ಪ ಸೊಂಟದಲ್ಲಿದ್ದ ದಾರದ ಉಂಡೆ ಮುಟ್ಟಿ ನೋಡಿದರು. ಹೊರಗೆ ತೆಗೆಯಲಿಲ್ಲ. ತಮ್ಮದೇ ಪಾದ ಊರಿ, ಹಿಮ್ಮಡಿಗೆ ಬೆರಳು ತಾಗಿಸುತ್ತ, ಒಂಬತ್ತು ನಡೆದರು.

"ಇದು ನಿಮ್ಮ ಅಳತಿ ಆತಲ್ರಿ," ಎಂದ ಅವರಲ್ಲೊಬ್ಬ ಮೆಲ್ಲಗೆ. "ಸಣ್ಣ ಕೂಸದ."

"ತೋಡು. ಬೆಳಿಯೋ ಹುಡುಗ, ಸಡ್ಲ ಇರ್ಲಿ."

ಅಷ್ಟು ದೊಡ್ಡ ಕುಣಿಯಲ್ಲಿ ನನ್ನ ತಮ್ಮ ಒಂದು ಮೂಲೆಗೆ ಕೂತ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಇದ್ದಳು, ಕೈಯಲ್ಲಿ ತಂಬಿಗೆ. ಅಪ್ಪನ ಕಾಲಿಗೆ ನೀರು ಹಾಕಿದಳು, ತಲೆ ಎತ್ತಲಿಲ್ಲ. ಅಪ್ಪ ಕಾಲು ತೊಳೆದುಕೊಂಡರೂ ಅಲ್ಲೇ ನಿಂತಿದ್ದರು.

"ನೀ ಕೆತ್ತಿದ ದಾಂಡ," ಅಂದರು, "ಅಂವಗ ಸರೀ ಆಗಿತ್ತು."