ಹುಲ್ಲಿನ ಮೇಲೆ ಕಂಡ ಕೊಂಬು

ಜಿಂಕೆ ಬೇಟೆಯನ್ನು ನಾನು ಕಲಿತದ್ದು ಗಲ್ಫಿನ ಶುಐಬಾದ ಒಂದು ಪೋರ್ಟಾ ಕ್ಯಾಬಿನ್ನಿನಲ್ಲಿ, ಎಸಿಯ ಕೆಳಗೆ ಕೂತು, ಪೇಪರ್ ಕಪ್ಪಿನಲ್ಲಿ ಚಹಾ ಕುಡಿಯುತ್ತ. ಬಿಲ್ಲು ಮುಟ್ಟಿದವನಲ್ಲ, ಕಾಡು ಸುತ್ತಿದವನಲ್ಲ, ಮೊಟ್ಟೆಯನ್ನೂ ತಿಂದವನಲ್ಲ. ಆದರೂ ಬಿಳಿಬಾಲದ ಗಂಡು ಜಿಂಕೆ ನವೆಂಬರಿನಲ್ಲಿ ಯಾಕೆ ಬುದ್ಧಿ ಕಳೆದುಕೊಳ್ಳುತ್ತದೆ, ಡಿಸೆಂಬರ್ ಕೊನೆಗೆ ಅದನ್ನು ಹೇಗೆ ವಾಪಸು ಪಡೆಯುತ್ತದೆ ಎಂದು ಕೇಳಿದರೆ ಅರ್ಧ ಗಂಟೆ ಮಾತಾಡಬಲ್ಲೆ. ಕೇಳದಿದ್ದರೂ ಮಾತಾಡುತ್ತೇನೆ. ತಿಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನಿಂದ ಆಗದ ಕೆಲಸ.

ನನ್ನ ಗುರು ಪಕ್ಕದ ಮೇಜಿನ ಅಮೆರಿಕನ್, ವೆಲ್ಡಿಂಗ್ ಇನ್‌ಸ್ಪೆಕ್ಟರ್. ಊರಲ್ಲಿ ಅವನಿಗೆ ಒಂದು ತುಂಡು ಕಾಡು, ಅದಕ್ಕೆ ತಾಗಿ ಸೋಯಾ ಹೊಲ ಇದೆ. ಅಲ್ಲಿನ ಮರಗಳಿಗೆ ಕ್ಯಾಮರಾ ಕಟ್ಟಿದ್ದಾನೆ. ಪ್ರಾಣಿ ಮುಂದೆ ಹಾದರೆ ಅದು ತಾನೇ ಫೋಟೋ ತೆಗೆದು ಇವನ ಫೋನಿಗೆ ಕಳಿಸುತ್ತದೆ. ಅಲ್ಲಿ ಬೆಳಗಾಗುವಾಗ ನಮಗೆ ಮಧ್ಯಾಹ್ನ ಮೂರೂವರೆ, ಸರಿಯಾಗಿ ಚಹಾದ ಹೊತ್ತು. ಹಾಗಾಗಿ ನಮ್ಮ ಚಹಾಕ್ಕೆ ಬಿಸ್ಕತ್ತಿನ ಜೊತೆ ಜಿಂಕೆಯೂ ಇರುತ್ತಿತ್ತು.

ಅವನ ಕಣ್ಣಿದ್ದದ್ದು ಒಂದೇ ಒಂದು ಮುದಿ ಗಂಡಿನ ಮೇಲೆ. ಏಳು ವರ್ಷದ್ದು, ಎಡಕಿವಿ ಹರಿದಿದೆ, ಬಲಗೊಂಬಿನ ಕೊನೆಯ ಕವಲು ಒಳಕ್ಕೆ ಬಾಗಿದೆ. ನಾಲ್ಕು ವರ್ಷದಿಂದ ಅದು ಇವನಿಗೆ ಸಿಕ್ಕಿಲ್ಲ. ಎಳೆಯ ಗಂಡುಗಳನ್ನೆಲ್ಲ ಬಿಟ್ಟುಬಿಡುತ್ತಾನೆ, ಇದೊಂದೇ ಬೇಕು. ಅದೂ ಬಿಲ್ಲಿನಲ್ಲಿ, ಇಪ್ಪತ್ತೈದು ಹೆಜ್ಜೆಯೊಳಗೆ ಬಂದರೆ ಮಾತ್ರ.

ಪ್ಲಾಂಟಿನಲ್ಲಿ ನನ್ನ ಕೆಲಸ ಒತ್ತಡ, ಉಷ್ಣತೆಗಳ ಏರಿಳಿತ ಓದುವುದು. ಸುಮ್ಮನಿರಲಾರದೆ ಜಿಂಕೆಗೂ ಒಂದು ಚಾರ್ಟ್ ಮಾಡಿದೆ: ದಿನ, ಹೊತ್ತು, ಚಳಿ, ಗಾಳಿಯ ದಿಕ್ಕು. ಅಮೆರಿಕನ್ ಅದನ್ನು ಗೋಡೆಗೆ ಅಂಟಿಸಿದ. ಆ ದಿನ ನನಗಾದ ಹೆಮ್ಮೆ ಇಂಜಿನಿಯರಿಂಗ್ ಪಾಸಾದಾಗಲೂ ಆಗಿರಲಿಲ್ಲ.

ಪ್ರತಿವರ್ಷ ನವೆಂಬರಿನಲ್ಲಿ, ಬೆದೆಯ ಕಾಲಕ್ಕೆ, ಅವನ ರಜೆ. ಈ ಸಲ ಪ್ಲಾಂಟಿನ ಶಟ್‌ಡೌನ್ ಅದೇ ತಿಂಗಳಿಗೆ ಬಂದು ಬಿತ್ತು. ಮುದೀರ್, ಅಂದರೆ ನಮ್ಮ ಮ್ಯಾನೇಜರ್, ಅರ್ಜಿಯನ್ನು ಓದದೆಯೇ ಮಡಚಿದರು. "ನವೆಂಬರ್ ಖಲಾಸ್. ಡಿಸೆಂಬರ್ ಕೊನೆಗೆ, ಇನ್‌ಶಾ ಅಲ್ಲಾ" ಎಂದರು.

ಮುದಿ ಜಿಂಕೆಗೆ ಈ ಸುದ್ದಿ ಯಾರೋ ಮುಟ್ಟಿಸಿದಂತಿತ್ತು. ವರ್ಷವಿಡೀ ಕತ್ತಲಲ್ಲಿ ಓಡಾಡುವ ಪ್ರಾಣಿ ಹಾಡುಹಗಲಲ್ಲಿ ಹೆಣ್ಣುಗಳ ಹಿಂದೆ ಬಿದ್ದಿತ್ತು. ಮೇವಿಲ್ಲ, ನಿದ್ದೆಯಿಲ್ಲ, ಕತ್ತು ಉಬ್ಬಿಸಿಕೊಂಡು ಮೆರವಣಿಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದೇ. ಇವನು ಕಟ್ಟಿದ್ದ ಅಟ್ಟಣಿಗೆಯ ಕೆಳಗೇ ನಿಂತು ಮೈ ತುರಿಸಿಕೊಂಡ ಫೋಟೋ ಬಂದ ದಿನ, ಅಮೆರಿಕನ್ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟು, ಹೊರಗೆ ಹೋಗಿ ಬಿಸಿಲಲ್ಲಿ ನಿಂತುಕೊಂಡ.

ಇಲ್ಲಿ ನನ್ನ ಹೆಂಡತಿಯ ಬಗ್ಗೆ ಹೇಳಬೇಕು. ಅವಳು ಜಾಬ್ರಿಯಾದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ದಿನವಿಡೀ ಬೂದು ನೆರಳುಗಳಲ್ಲಿ ಕೂದಲೆಳೆಯಷ್ಟು ಬಿರುಕು ನೋಡುವ ಕಣ್ಣು. ಮೊದಮೊದಲು ಫೋಟೋ ತೋರಿಸಿದರೆ "ಪಾಪ ಅದರ ಪಾಡಿಗೆ ಅದಿರತ್ತೆ, ನಿಮಗೇನ್ರೀ ಬಂತು" ಎನ್ನುತ್ತಿದ್ದಳು. ಆಮೇಲೆ ಜಿಂಕೆಯ ಪಕ್ಷ ವಹಿಸಿದಳು. ಸಂಜೆ ನಾನು ಸಾಲ್ಮಿಯಾದ ಮನೆಗೆ ಬಂದು ಶೂ ಬಿಚ್ಚುವ ಮೊದಲೇ "ಮುದುಕಪ್ಪ ಕ್ಷೇಮಾನಾ?" ಎಂಬ ವಿಚಾರಣೆ. ನನ್ನ ಕ್ಷೇಮ ಎರಡನೆಯದು.

ಡಿಸೆಂಬರ್ ಕೊನೆಗೆ ಅಮೆರಿಕನ್ ಹತ್ತು ದಿನದ ರಜೆಯ ಮೇಲೆ ಹೊರಟ. ಬೆದೆ ಮುಗಿದಿತ್ತು, ಬೇಟೆಗೆ ಅನುಮತಿಯಿರುವ ಋತುವಿನ ಕಡೆಯ ದಿನಗಳು. ಜಿಂಕೆಯ ಪಕ್ಕೆಲುಬು ಎಣಿಸಬಹುದಿತ್ತು. ಈಗ ಅದಕ್ಕೆ ಬೇಕಾದದ್ದು ಬರೀ ಮೇವು. ಚಳಿ ಜೋರಾದ ಸಂಜೆ ಹೊಲಕ್ಕೆ ಬಂದೇ ಬರಬೇಕು. ಆದರೆ ಒಳ್ಳೆಯ ಚಳಿ ತರುವ ಉತ್ತರದ ಗಾಳಿಯ ದಿನಗಳಲ್ಲೇ, ಅದು ಕಾಡಿನಿಂದ ಹೊಲಕ್ಕಿಳಿಯುವ ದಾರಿಯ ಕ್ಯಾಮರಾದಲ್ಲಿ ಅದು ಬೀಳುತ್ತಿರಲಿಲ್ಲ. ಅವನು ಐದು ಸಂಜೆ ಆ ದಾರಿಯ ಮೇಲೆಯೇ ಮರ ಹತ್ತಿ ಕೂತು, ಕೈಬೆರಳು ಮರಗಟ್ಟಿಸಿಕೊಂಡು ಇಳಿದ.

ಶುಕ್ರವಾರ ಬೆಳಿಗ್ಗೆ ಹೆಂಡತಿ ದೋಸೆ ಹುಯ್ಯುತ್ತಿದ್ದಳು. ಅಮೆರಿಕನ್ ಕಳಿಸಿದ್ದ ಹಿಂದಿನ ಸಂಜೆಯ ಫೋಟೋ ತೋರಿಸಿದೆ: ದಾರಿ, ಹಿಮ, ಒಂದು ಮೊಲ. ಹಿಟ್ಟಿನ ಕೈಯ ಕಿರುಬೆರಳಲ್ಲೇ ಅವಳು ಚಿತ್ರವನ್ನು ಮೂಲೆಗೆ ಸರಿಸಿದಳು.

"ಇದು ಕಡ್ಡಿ ಅಲ್ಲ ರೀ" ಎಂದಳು.

ಬೇಲಿಯಾಚೆ ಒಂದು ಹಳ್ಳ. ಅದರ ಒಣಹುಲ್ಲಿನ ಮೇಲೆ ನಾಲ್ಕು ಸಣ್ಣ ಗೀರು. ನನಗೆ ಅವು ಹುಲ್ಲೇ.

"ನೋಡಿ, ಈ ಕೊನೇದು ಒಳಗೆ ಬಾಗಿದೆ. ಅದೇ ಕೊಂಬು. ಮೈಯೆಲ್ಲ ಹಳ್ಳದೊಳಗಿದೆ. ಹಳೇ ಫೋಟೋ ತೆಗೀರಿ, ಮುದುಕಪ್ಪ ಕಾಣದೇ ಇದ್ದ ದಿನದ್ದು."

ತೆಗೆದೆ. ದೋಸೆ ಸೀದು ಕರಿಯಾಯಿತು. ಇನ್ನೂ ಮೂರು ಫೋಟೋಗಳಲ್ಲಿ ಅದೇ ಕೊಂಬು, ಮೂರೂ ದಿನ ಉತ್ತರದ ಗಾಳಿ. ದಾರಿಯಲ್ಲಿ ಕೂತವನ ವಾಸನೆ ಹಿಡಿಯಲು ಮುದುಕ ಹಳ್ಳದಲ್ಲಿ ಸುತ್ತಿಕೊಂಡು ಬರುತ್ತಿದ್ದ. ಅವಳಿಗೆ ಖುಷಿಯೋ ಖುಷಿ. ಮತ್ತೆ ಇದ್ದಕ್ಕಿದ್ದಂತೆ ಒಲೆ ಆರಿಸಿದಳು.

"ನಿಮ್ಮ ಫ್ರೆಂಡಿಗೆ ಹೇಳ್ಬೇಡಿ."

"ಹೇಳಲ್ಲ ಬಿಡೇ."

"ಆಣೆ ಗೀಣೆ ಬೇಡ. ಸುಮ್ನೆ ಹೇಳ್ಬೇಡಿ, ಅಷ್ಟೆ. ಇನ್ನು ಮೂರು ನಾಲ್ಕು ದಿನ ತಾನೆ?"

ಎರಡು ದಿನ ಬಾಯಿ ಕಟ್ಟಿಕೊಂಡೆ, ನನ್ನ ಮಟ್ಟಿಗೆ ಅದು ದೊಡ್ಡ ತಪಸ್ಸು. ಭಾನುವಾರ ಕ್ಯಾಬಿನ್ನಿನಲ್ಲಿದ್ದಾಗ ಅವನ ಧ್ವನಿ ಸಂದೇಶ ಬಂತು. ಇನ್ನೆರಡು ಸಂಜೆ ಉಳಿದಿವೆ, ಜಿಂಕೆ ಸತ್ತಿರಬೇಕು, ಇಲ್ಲವೇ ಪಕ್ಕದವರಿಗೆ ಸಿಕ್ಕಿರಬೇಕು ಎಂದ. ಕೊನೆಗೆ, "ನಿನ್ನ ಚಾರ್ಟನ್ನು ಬೈಯಬೇಡ. ಇಂಥದ್ದು ಚಾರ್ಟಿಗೆ ದಕ್ಕುವುದಲ್ಲ" ಎಂದು ಸಮಾಧಾನ ಮಾಡಿದ.

ಅಷ್ಟು ಸಾಕಾಯಿತು. ನಾಲ್ಕು ವರ್ಷ ಕಾದವನ ಮೇಲೆ ಕನಿಕರ ಅರ್ಧ, ಚಾರ್ಟಿನ ಮಾನ ಅರ್ಧ ಎಂದು ಬರೆಯಹೊರಟಿದ್ದೆ. ಸುಳ್ಳು, ಮಾನವೇ ಮುಕ್ಕಾಲು. "ನಾಳೆ ಉತ್ತರದ ಗಾಳಿ. ದಾರಿ ಬಿಡು, ಹಳ್ಳದ ತುದಿಯ ಮರ ಹತ್ತು. ನನ್ನ ಲೆಕ್ಕದ ಪ್ರಕಾರ ಅದು ಅಲ್ಲಿಂದಲೇ ಬರುತ್ತದೆ" ಎಂದು ಟೈಪ್ ಮಾಡಿ ಕಳಿಸಿದೆ. ನನ್ನ ಲೆಕ್ಕ ಎಂದೇ ಬರೆದೆ.

ಮಂಗಳವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಫೋನ್ ಊಟದ ಮೇಜಿನ ಮೇಲೆ ಸದ್ದು ಮಾಡಿತು. ಬರುವಷ್ಟರಲ್ಲಿ ಅವಳು ನೋಡಿಯಾಗಿತ್ತು. ಹಿಮದ ಮೇಲೆ ಮಲಗಿದ ಜಿಂಕೆ, ಪಕ್ಕದಲ್ಲಿ ಮೊಣಕಾಲೂರಿ ಕೂತು ನಗುತ್ತ ಅಳುತ್ತಿರುವ ದಪ್ಪ ಮನುಷ್ಯ. ಕೆಳಗೆ ಒಂದು ಸಾಲು: ಹಳ್ಳದಿಂದಲೇ ಬಂತು, ನಿನ್ನ ಕಣ್ಣಿಗೆ ಶರಣು.

ಬೈಗುಳಕ್ಕೆ ನಾನು ತಯಾರಾಗಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಿಮ್ಮ ಕಣ್ಣಂತೆ" ಎಂದಳು. ನನ್ನ ಊಟದ ಡಬ್ಬಿಯ ಮುಚ್ಚಳ ಹಾಕಿದಳು. "ತಪ್ಪು ನಂದೇ ಬಿಡಿ. ತೋರಿಸ್ಬಾರದಿತ್ತು."

ಅವನು ವಾಪಸು ಬಂದವನೇ ನನ್ನನ್ನು ಅಪ್ಪಿ ಎತ್ತಿಬಿಟ್ಟ. ಅದು ನನ್ನ ಕಣ್ಣಲ್ಲ, ನನ್ನ ಹೆಂಡತಿಯದು ಎಂದು ಹೇಳಿದೆ. ಅವನು ನಕ್ಕು, ನಿನ್ನ ವಿನಯ ಸಾಕು ಎಂದ. ಜಿಂಕೆಗಾಗಿ ನನಗೆ ದುಃಖವಾಗಿತ್ತು, ಲೆಕ್ಕ ಸರಿಬಂತೆಂದು ಸಂತೋಷವೂ ಆಗಿತ್ತು, ಎರಡೂ ನಿಜ.

ಕ್ಯಾಮರಾ ಈಗಲೂ ಅಲ್ಲೇ ಇದೆ, ಫೋಟೋ ಬರುತ್ತಲೇ ಇವೆ. ಕಳೆದ ಶುಕ್ರವಾರ ಒಂದನ್ನು ಅವಳ ಮುಂದೆ ಹಿಡಿದೆ. ಬೇಡ ಎನ್ನಲಿಲ್ಲ. ಎರಡು ಬೆರಳಲ್ಲಿ ದೊಡ್ಡದು ಮಾಡಿ, ಮೆಲ್ಲಗೆ ಸರಿಸುತ್ತ ಹೋಗಿ, ಎಡಗಡೆಯ ಮರದ ಬುಡದಲ್ಲಿ ಒಂದು ಕ್ಷಣ ನಿಂತಳು.

"ಏನಾದ್ರೂ ಕಾಣ್ತಾ?" ಎಂದೆ.

"ಏನಿಲ್ಲ ರೀ, ಬರೀ ಹುಲ್ಲು" ಎಂದು ಫೋನ್ ಕೈಗೆ ಕೊಟ್ಟಳು.

ಆ ಮರದ ಬುಡವನ್ನು ನಾನು ತುಂಬ ಹೊತ್ತು ನೋಡಿದೆ. ನನಗೆ ಹುಲ್ಲೇ ಕಂಡಿತು. ಅವಳ ಬೆರಳು ಅಲ್ಲಿ ನಿಂತದ್ದನ್ನು ಮಾತ್ರ ನಾನು ಸ್ಪಷ್ಟವಾಗಿ ಕಂಡಿದ್ದೆ.