ಯಂತ್ರಕ್ಕೆ ರಜೆ ಕೊಟ್ಟ ಸಾಹೇಬರು

ಕಾದಂಬರಿಕಾರ ರಾಲ್ಫ್ ಪೆಲ್ಹಾಂ ಅವರಿಗೆ ನಮ್ಮ ಸಂಘ ಸನ್ಮಾನ ಮಾಡುತ್ತದಂತೆ. ಬ್ರಿಟನ್ನಿನ ಹೆಸರಾಂತ ವಿಜ್ಞಾನ ಕಾದಂಬರಿಕಾರರು ಬಹರೈನಿನ ಜಿಂಜ್‌ನಲ್ಲಿ, ನಮ್ಮ ನಡುವೆಯೇ ಇದ್ದಾರೆ, ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದರು. ಬರೆಯುತ್ತೇನೆ. ಆದರೆ ಅವರ ಡ್ರೈವರಿಂದ ಶುರು ಮಾಡುತ್ತೇನೆ. ಬೇಡವಾದರೆ ಹರಿದು ಬಿಸಾಡಿ.

ಹ್ಯೂಬರ್ಟರು ಮಂಗಳೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಆಗಿದ್ದವರು. ಕಾರ್ಖಾನೆ ಮುಚ್ಚಿತು, ಮನೆ ಡ್ರೈವರ್ ವೀಸಾದಲ್ಲಿ ಇಲ್ಲಿಗೆ ಬಂದರು. ಪೆಲ್ಹಾಂ ತೈಲ ಕಂಪನಿಯಲ್ಲಿ ಎಂಜಿನಿಯರಾಗಿದ್ದು, ಹೆಂಡತಿ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ಪಾಳಿಯ ಬಿಡುವಿನಲ್ಲಿ ಬರೆಯಲು ತೊಡಗಿ ಒಂಬತ್ತು ಕಾದಂಬರಿ ಬರೆದರು. ಎಲ್ಲದರಲ್ಲೂ ಒಂದು ಯಂತ್ರಮಾನವ, ಮನೆಗೆಲಸದ್ದು. ಪ್ರತಿ ಪುಸ್ತಕದಲ್ಲೂ ಅದು ಯಜಮಾನನ ಬಳಿ ಒಂದು ದಿನದ ರಜೆ ಕೇಳುತ್ತದೆ. ಪ್ರತಿ ಪುಸ್ತಕದಲ್ಲೂ ಸಿಗುವುದಿಲ್ಲ. ಅದನ್ನು ಓದಿ ಲಂಡನ್ನಿನವರು ಅತ್ತರಂತೆ. ಸುಳ್ಳು ಯಾಕೆ, ನಾನೂ ಅತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ನಾನು ಇಂಗ್ಲಿಷ್ ಕಲಿತದ್ದೇ ಆ ಪುಸ್ತಕಗಳಿಂದ.

ವಯಸ್ಸಾದಂತೆ ಪೆಲ್ಹಾಂ ಅವರ ಕೈ ನಡುಗತೊಡಗಿತು. ಡ್ರೈವರಿಗೆ ಟೈಪಿಂಗ್ ಬರುತ್ತದೆಂದು ಗೊತ್ತಾಯಿತು. ಅಂದಿನಿಂದ ಬೆಳಿಗ್ಗೆ ಕಾರು, ಮಧ್ಯಾಹ್ನ ಕಾದಂಬರಿ. ಸಾಹೇಬರು ಹೇಳುವುದು, ಹ್ಯೂಬರ್ಟರು ಟೈಪ್ ಮಾಡುವುದು. ಹತ್ತನೆಯ ಪುಸ್ತಕ ಹಾಗೆ ನಡೆಯಿತು. ಅದರಲ್ಲಿ ಯಂತ್ರಕ್ಕೆ ಕೊನೆಗೂ ರಜೆ ಸಿಗಬೇಕು.

ಪಾಸ್‌ಪೋರ್ಟಿನ ಸಂಗತಿ ಹೇಳಬೇಕು. ಅದನ್ನು ಸಾಹೇಬರು ಕಸಿದುಕೊಂಡದ್ದಲ್ಲ. ಬಂದ ದಿನವೇ ಹ್ಯೂಬರ್ಟರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಎರಡೂ ಕೈಯಲ್ಲಿ ಹಿಡಿದು, "ಸರ್, ಇದು ನಿಮ್ಮ ಹತ್ತಿರ ಇರಲಿ" ಎಂದು ತಾವೇ ಕೊಟ್ಟದ್ದು. ನಂಬಿಕೆಯ ಗುರುತು ಅದು. ನಮ್ಮವರ ಮರ್ಯಾದೆ! ಕೊಡುವುದು ಸುಲಭ, ವಾಪಸು ಕೇಳಿದರೆ ನಂಬಿಕೆ ಇಲ್ಲ ಎಂದಂತಾಗುತ್ತದೆ. ಅದು ಬೀಗವಿಲ್ಲದ ಮೇಜಿನ ಖಾನೆಯಲ್ಲಿತ್ತು. ಆ ಮೇಜನ್ನು ದಿನಾ ಒರೆಸುತ್ತಿದ್ದವರು ಹ್ಯೂಬರ್ಟರೇ.

ಮಗಳು ಮೆಲಿಸ್ಸಾಳ ಮದುವೆ ಗೊತ್ತಾಯಿತು. ಹುಡುಗ ಹಡಗಿನವನು, ಈಸ್ಟರ್‌ಗೆ ಮುಂಚೆ ಸಮುದ್ರಕ್ಕೆ ಮರಳಬೇಕು. ಹಣೆಗೆ ಬೂದಿ ಹಚ್ಚಿ ಉಪವಾಸ ಶುರುಮಾಡುವ ಬೂದಿ ಬುಧವಾರ ಬಂದರೆ ಈಸ್ಟರ್‌ವರೆಗೆ ಕಥೊಲಿಕರಲ್ಲಿ ಮದುವೆ ಇಲ್ಲ. ಹಾಗಾಗಿ ಅದಕ್ಕೆ ಮೊದಲಿನ ಸೋಮವಾರ ಮದುವೆ, ಭಾನುವಾರ ಸಂಜೆ ರೋಸ್. ಮದುಮಗಳ ತಲೆಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಅದು. ಮೊದಲ ಕೈ ಅಪ್ಪ ಅಮ್ಮನದು.

ಹ್ಯೂಬರ್ಟರು "ರಜೆ ಬೇಕು" ಎನ್ನಲಿಲ್ಲ. ಆಮಂತ್ರಣ ಪತ್ರಿಕೆ ಕೊಟ್ಟು "ನೀವೂ ಬರಬೇಕು ಸರ್" ಎಂದರು. ಸಾಹೇಬರಿಗೆ ಖುಷಿಯೋ ಖುಷಿ. "ಖಂಡಿತ! ಪುಸ್ತಕ ಮುಗಿಸಿ ಇಬ್ಬರೂ ಒಟ್ಟಿಗೆ ಹೋಗೋಣ."

ಅಲ್ಲಿಗೆ ಬಾಗಿಲು ಮುಚ್ಚಿತು.

ಕೊನೆಯ ಅಧ್ಯಾಯ ಮುಗಿಯಲಿಲ್ಲ. ಇಂದು ಬರೆಸಿದ್ದನ್ನು ನಾಳೆ ಅಳಿಸುವುದು. ಯಂತ್ರ ಬಾಗಿಲವರೆಗೆ ಬರುವುದು, ಪುನಃ ಒಳಗೆ ಹೋಗುವುದು. ಹೂರಾ ಬಡಾವಣೆಯ ಚಹಾ ಅಂಗಡಿಯಲ್ಲಿ ಹ್ಯೂಬರ್ಟರು ಸಿಕ್ಕಾಗ ನಾನು ಗದರಿದೆ.

"ನೇರ ಕೇಳ್ಲಿಕ್ಕೆ ಎಂತ ಆಗ್ತದೆ ಮಾರಾಯ್ರೆ? ನಿಮ್ಮ ಮಗಳ ಮದುವೆ ಅಲ್ವಾ?"

"ಹೇಗೆ ಕೇಳುದು? ಅವರೂ ಬರ್ತೇನೆ ಅಂತ ಹೇಳಿ ಆಗಿದೆ. ಈಗ ನೀವು ಬೇಡ, ನಾನೊಬ್ಬನೇ ಹೋಗ್ತೇನೆ ಅಂತ ಹೇಳ್ಲಿಕ್ಕಾಗ್ತದಾ?"

"ಆ ಯಂತ್ರವೇ ವಾಸಿ. ಅದು ಬಾಯಿ ಬಿಟ್ಟು ಕೇಳ್ತದೆ."

ಹ್ಯೂಬರ್ಟರು ನಕ್ಕರು. "ಅದಕ್ಕೆ ವೀಸಾ ಇಲ್ಲ ಅಲ್ವಾ."

ಕಡೆಗೆ ಮದುವೆಯ ಮುಂಚಿನ ಗುರುವಾರ ನೇರ ಕೇಳಿದರು. ಪೆಲ್ಹಾಂ ಖಾನೆ ತೆರೆದು ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟರು.

"ನಿನ್ನನ್ನು ನಾನು ಹಿಡಿದಿಟ್ಟಿಲ್ಲ ಹ್ಯೂಬರ್ಟ್. ಇವತ್ತೇ ಹೋಗು. ಆದರೆ ನನ್ನ ಆರೋಗ್ಯ ನಿನಗೆ ಗೊತ್ತು. ನಾನು ಬೇರೆ ಒಬ್ಬನನ್ನು ಹುಡುಕಿಕೊಳ್ಳಬೇಕಾಗುತ್ತದೆ. ಆಮೇಲೆ ಇಬ್ಬರಿಗೆ ಇಲ್ಲಿ ಜಾಗ ಇರುವುದಿಲ್ಲ. ಅರ್ಥ ಆಗುತ್ತದಲ್ಲ?"

ಅರ್ಥವಾಗದೆ ಏನು? ಹೋದರೆ ವೀಸಾ ರದ್ದು. ಕಿರಿಯವಳು ಟೀನಾಳ ನರ್ಸಿಂಗ್ ಓದು ಅರ್ಧದಲ್ಲಿದೆ. ಬೆದರಿಕೆ ಇಷ್ಟು ಸಭ್ಯವಾಗಿ ಇರಬಹುದು ಎಂದು ನನಗೆ ಆ ಒಂಬತ್ತು ಕಾದಂಬರಿಗಳು ಕಲಿಸಿರಲಿಲ್ಲ. ಹ್ಯೂಬರ್ಟರು ಪಾಸ್‌ಪೋರ್ಟನ್ನು ಪುನಃ ಖಾನೆಯೊಳಗಿಟ್ಟು, ಖಾನೆ ದೂಡಿ, ಕಂಪ್ಯೂಟರ್ ಮುಂದೆ ಕೂತರು.

ಭಾನುವಾರ ಊರಲ್ಲಿ ಸಂಜೆ, ಇಲ್ಲಿ ಇನ್ನೂ ಮಧ್ಯಾಹ್ನದ ಬಿಸಿಲು. ಹ್ಯೂಬರ್ಟರು ಹತ್ತು ನಿಮಿಷ ಬಿಡುವು ಕೇಳಿಕೊಂಡು ಅಂಗಳದ ಕಾರಿನೊಳಗೆ ಕೂತು, ಫೋನನ್ನು ಸ್ಟೇರಿಂಗಿಗೆ ಒರಗಿಸಿದರು. ತೆರೆಯ ಮೇಲೆ ಮಗಳು, ಹಿಂದೆ ಹಾಡುವ ಹೆಂಗಸರು, ಪಕ್ಕದಲ್ಲಿ ಹೆಂಡತಿ ನೆಲ್ಲಿ.

"ಹೋಯ್, ಕೇಳ್ತದಾ? ಕೈ ಮುಂದೆ ತನ್ನಿ. ಮೊದಲು ನಿಮ್ಮದು, ಮತ್ತೆ ನನ್ನ ಅಣ್ಣ ಹಚ್ತಾನೆ."

ಹ್ಯೂಬರ್ಟರು ಗಾಜಿನ ಮೇಲೆ ಬೆರಳಿಟ್ಟರು. ಅತ್ತ ನೆಲ್ಲಿಯ ಅಣ್ಣ ಡಿಕ್ಸನ್ ಹಾಲು ಸುರಿದ.

"ಪಪ್ಪಾ, ಬೆರಳು ತೆಗೀರಿ," ಮೆಲಿಸ್ಸಾ ನಗುತ್ತಾ ಅತ್ತಳು, "ಫೋನು ಕಟ್ಟಾಗ್ತದೆ."

ಕಟ್ಟಾಗಿಯೇ ಹೋಯಿತು. ಅಷ್ಟರಲ್ಲಿ ಕಿಟಕಿಯಿಂದ ಕರೆ ಬಂತು. ಸಾಹೇಬರಿಗೆ ಕೊನೆಯ ಅಧ್ಯಾಯ ಹೊಳೆದಿತ್ತು! ಒಂದೇ ಉಸಿರಿನಲ್ಲಿ ಹೇಳಿದರು: ಯಜಮಾನ ಎದ್ದು ಬಾಗಿಲು ತೆರೆದ, ಹೋಗು ಎಂದ, ಯಂತ್ರ ಹೊಸಿಲು ದಾಟಿತು. ಅವರ ಕಣ್ಣು ತುಂಬಿತ್ತು.

"ಹೇಗಿದೆ ಹ್ಯೂಬರ್ಟ್?"

"ಚೆನ್ನಾಗಿದೆ ಸರ್." ಟೈಪ್ ಮಾಡಿದ್ದನ್ನು ಸೇವ್ ಮಾಡಿ ಹ್ಯೂಬರ್ಟರು ಕೇಳಿದರು, "ಅದು ಎಲ್ಲಿಗೆ ಹೋಗುದು ಸರ್?"

"ಎಲ್ಲಿಗೆ ಅಂದರೆ? ಎಲ್ಲಿಗಾದರೂ. ಕತೆ ಅಲ್ಲಿಗೆ ಮುಗಿಯಿತು."

ಇದನ್ನು ಹ್ಯೂಬರ್ಟರು ನನಗೆ ಹೇಳಿದ್ದು ಅದೇ ಚಹಾ ಅಂಗಡಿಯಲ್ಲಿ. ಮದುವೆ ಮುಗಿದಿತ್ತು, ಹಣೆಯಲ್ಲಿ ಬೂದಿಯ ಶಿಲುಬೆ ಇತ್ತು. ಪುಸ್ತಕ ಮುಗಿಯಿತಲ್ಲ, ಇನ್ನಾದರೂ ಹೋಗಿ ಬನ್ನಿ ಎಂದೆ. ಅವರು ಚಹಾದ ಲೋಟ ಕೆಳಗಿಟ್ಟರು.

"ಎಲ್ಲಿ ಮುಗಿದದ್ದು? ನಾಳೆಯಿಂದ ಪುನಃ ಮೊದಲನೇ ಅಧ್ಯಾಯ ತಿದ್ಲಿಕ್ಕುಂಟು."